ಕಾಲ್ಗುಣದ ಕಟಕಟೆಯಲ್ಲಿ ಮದುಮಗಳು

ಮದುಮಗಳಿಗೆ ಒಳಿತಾಗಲೆಂದು ಬಯಸದವರು ಯಾರಿದ್ದಾರೆ? ದಖ್ಖನ್ ಸೀಮೆಯ ನಮ್ಮ ಪಟ್ಟಣಗಳಲ್ಲಿ ಈ ಹಾರೈಕೆಯು ಹಲವು ಸಂಪ್ರದಾಯಗಳ ರೂಪ ತಾಳಿದೆ. ಏಳು ಮಂದಿ ಸುಹಾಗನ್‌ಗಳು, ಅಂದರೆ ಪತಿ ಜೀವಂತವಿರುವ ಸ್ತ್ರೀಯರು, ಆಕೆಗೆ ಅರಶಿನ ಹಚ್ಚುತ್ತಾರೆ. ನಾಣ್ಯವೊಂದನ್ನು ಬಟ್ಟೆಯಲ್ಲಿ ಸುತ್ತಿ ‘ಇಮಾಮ್ ಝಾಮಿನ್’ ಎಂದು ತೋಳಿಗೆ ಕಟ್ಟಲಾಗುತ್ತದೆ. ಕೊರಳಿಗೆ ಕರಿಮಣಿಯ ಲಚ್ಛಾ ಬೀಳುತ್ತದೆ. ಜಲ್ವಾದಲ್ಲಿ ವಧೂವರರು ಕನ್ನಡಿಯಲ್ಲಿ ಪರಸ್ಪರರ ಮುಖ ನೋಡುತ್ತಾರೆ. ಸಫರ್ ತಿಂಗಳ ಮೊದಲ ಹದಿಮೂರು ದಿನಗಳು ‘ತೇರಾ ತೇಝಿ’ ಎಂಬ ಭಯದಿಂದ ನಿಕಾಹ್‌ನ ದಿನವನ್ನೇ ಮುಂದೂಡಲಾಗುತ್ತದೆ. ಇವು ನಿನ್ನೆ ಮೊನ್ನೆ ಹುಟ್ಟಿದವುಗಳಲ್ಲ. ದಖ್ಖನಿನ ಜಾಫರ್ ಶರೀಫ್‌ರ ‘ಕಾನೂನ್-ಎ-ಇಸ್ಲಾಂ’ 1832ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದಾಗಲೇ ಇಲ್ಲಿನ ಮದುವೆಯ ಆಚರಣೆಗಳ ವರ್ಣನೆ ಅದರಲ್ಲಿ ಪುಟಗಟ್ಟಲೆ ಇತ್ತು.

ಅರಶಿನವಾಗಲಿ, ಮೆಹಂದಿಯಾಗಲಿ ಅಲಂಕಾರವಾಗಿರುವ ತನಕ ಯಾರದೂ ತಕರಾರಿಲ್ಲ. ವಿವಾಹದ ಸಂಭ್ರಮವನ್ನು ಇಸ್ಲಾಮ್ ತಡೆದಿಲ್ಲ. ದಫ್ ಬಾರಿಸಿ ಸಂತೋಷಪಡಲು ಅದು ಅನುಮತಿಸಿದೆ, ವಲೀಮಾವನ್ನು ಪ್ರೋತ್ಸಾಹಿಸಿದೆ. ಸಮಸ್ಯೆ ಹುಟ್ಟುವುದು ಅಲಂಕಾರವು ಅದೃಷ್ಟದ ಸಾಧನವಾದಾಗ. ಒಬ್ಬಳ ಸ್ಪರ್ಶದಿಂದ ಭಾಗ್ಯ ಬರುತ್ತದೆಂದು ಒಪ್ಪಿದ ಮರುಕ್ಷಣವೇ ಇನ್ನೊಬ್ಬಳ ಸ್ಪರ್ಶದಿಂದ ಕೇಡು ಬರುತ್ತದೆಂದೂ ಒಪ್ಪಬೇಕಾಗುತ್ತದೆ. ಶುಭಶಕುನದ ಬಾಗಿಲಿನಿಂದಲೇ ಅಪಶಕುನವೂ ಮನೆಯೊಳಗೆ ಬರುತ್ತದೆ.

ಅದರ ಮೊದಲ ಬಲಿ ವಿಧವೆ. ಪತಿಯನ್ನು ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು, ಬೀಡಿ ಸುತ್ತಿ ಮಗಳನ್ನು ಬೆಳೆಸಿದ ತಾಯಿ, ಆ ಮಗಳ ಅರಶಿನದ ದಿನ ಗೋಡೆಯ ಬದಿಯಲ್ಲಿ ನಿಲ್ಲಬೇಕು. ಯಾರೂ ಆಕೆಯನ್ನು ಹೊರಗೆ ಹೋಗೆನ್ನುವುದಿಲ್ಲ. ಆದರೆ ಬಟ್ಟಲು ಆಕೆಯ ಕೈಗೆ ಬರುವುದೂ ಇಲ್ಲ. ತನ್ನ ಮಗಳಿಗೆ ತನ್ನಿಂದಲೇ ಕೇಡಾದೀತೆಂದು ಆಕೆ ತಾನೇ ಹಿಂದೆ ಸರಿಯುವುದುಂಟು. ಇದಕ್ಕಿಂತ ದೊಡ್ಡ ಕ್ರೌರ್ಯವಿದೆಯೇ?

ಎರಡನೆಯ ಬಲಿ ಸ್ವತಃ ಮದುಮಗಳು. ಅದೃಷ್ಟವನ್ನು ಹೊತ್ತು ತರುವವಳೆಂದು ಯಾರನ್ನು ಸ್ವಾಗತಿಸಲಾಯಿತೋ, ಕೇಡಿನ ಲೆಕ್ಕವನ್ನೂ ಅವಳೇ ಒಪ್ಪಿಸಬೇಕು. ಮದುವೆಯಾದ ವರ್ಷ ಮಾವ ತೀರಿಕೊಂಡರೆ, ಅಂಗಡಿ ನಷ್ಟಕ್ಕೆ ಬಿದ್ದರೆ, ಗಲ್ಫ್‌ನಲ್ಲಿದ್ದ ಗಂಡ ಕೆಲಸ ಕಳಕೊಂಡರೆ ಎದ್ದೇಳುವ ಮಾತು ಒಂದೇ: ‘ಅವಳ ಕಾಲ್ಗುಣ ಸರಿಯಿಲ್ಲ.’ ಅದೇ ವರ್ಷ ಹೆಣ್ಣಿನ ತಂದೆ ಸಾಲದಲ್ಲಿ ಮುಳುಗಿದರೆ ಅಳಿಯನ ಕಾಲ್ಗುಣವನ್ನು ಯಾರೂ ವಿಚಾರಿಸುವುದಿಲ್ಲ! ಶಕುನದ ನ್ಯಾಯಾಲಯದಲ್ಲಿ ಕಟಕಟೆ ಹತ್ತುವವಳು ಸದಾ ಹೆಣ್ಣೇ.

ಇಸ್ಲಾಮಿನ ನಿಲುವು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟ. ಶಕುನಕ್ಕೆ ಅಸ್ತಿತ್ವವಿಲ್ಲ, ಸಫರ್‌ನ ಅಶುಭಕ್ಕೂ ಅಸ್ತಿತ್ವವಿಲ್ಲ ಎಂದು ಪ್ರವಾದಿ(ಸ) ಕಲಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಅಂದಿನ ಅರಬರು ಶವ್ವಾಲ್ ತಿಂಗಳನ್ನು ವಿವಾಹಕ್ಕೆ ಅಶುಭವೆಂದು ಭಾವಿಸುತ್ತಿದ್ದರು. ತನ್ನ ವಿವಾಹ ನಡೆದದ್ದು ಶವ್ವಾಲ್‌ನಲ್ಲೇ, ಪ್ರವಾದಿಯವರಿಗೆ(ಸ) ತನಗಿಂತ ಪ್ರಿಯಳಾದ ಪತ್ನಿ ಯಾರಿದ್ದರು ಎಂದು ಹಝ್ರತ್ ಆಯಿಶಾ(ರ) ಕೇಳಿದ್ದರು. ಸ್ತ್ರೀ, ಮನೆ ಮತ್ತು ಸವಾರಿಯಲ್ಲಿ ಅಶುಭವಿದೆಯೆಂಬ ವರದಿಯೊಂದು ಕಿವಿಗೆ ಬಿದ್ದಾಗ ಅವರು ತೀವ್ರವಾಗಿ ಕೋಪಗೊಂಡರು. ಅದು ಅಜ್ಞಾನಕಾಲದ ಜನರ ನಂಬಿಕೆಯೆಂದೇ ಪ್ರವಾದಿ(ಸ) ಹೇಳಿದ್ದರೆಂದು ತಿದ್ದಿದರು. ಇದು ಮುಸ್ನದ್ ಅಹ್ಮದ್‌ನಲ್ಲಿದೆ.

ಇನ್ನು ವಿಧವೆಯ ವಿಷಯ. ಪ್ರವಾದಿಯವರ(ಸ) ಪ್ರಥಮ ಪತ್ನಿ ಹಝ್ರತ್ ಖದೀಜಾ(ರ) ವಿಧವೆಯಾಗಿದ್ದರು. ಸೌದಾ(ರ), ಹಫ್ಸಾ(ರ), ಉಮ್ಮು ಸಲಮಾ(ರ) ಕೂಡಾ ವಿಧವೆಯರೇ. ಪ್ರವಾದಿ(ಸ) ಜನಿಸುವ ಮೊದಲೇ ತಂದೆ ಅಬ್ದುಲ್ಲಾ ಮರಣ ಹೊಂದಿದ್ದರು. ಅಂದರೆ ಜಗತ್ತಿಗೆ ಅನುಗ್ರಹವಾಗಿ ಬಂದವರನ್ನು ಹೆತ್ತು ಮೊದಲು ಎತ್ತಿಕೊಂಡದ್ದು ಓರ್ವ ವಿಧವೆ. ಆ ಪ್ರವಾದಿಯ(ಸ) ಅನುಯಾಯಿಗಳು ವಿಧವೆಯ ನೆರಳಿಗೆ ಹೆದರುವುದೆಂದರೆ ಏನರ್ಥ?

ಈ ರೂಢಿಗಳ ವಿರುದ್ಧ ಮೌಲಾನಾ ಅಶ್ರಫ್ ಅಲಿ ಥಾನವಿಯಂತಹ (1863–1943) ವಿದ್ವಾಂಸರು ಬಹಳ ಹಿಂದೆಯೇ ಲೇಖನಿ ಎತ್ತಿದ್ದರು. ಆದರೂ ಅವು ಉಳಿದುಕೊಂಡಿರುವುದೇಕೆ? ಮಗಳ ನಾಳೆಯ ಬಗ್ಗೆ ಹೆತ್ತವರಿಗೆ ಭಯವಿದೆ. ಆ ಭಯ ಸುಳ್ಳಲ್ಲ. ಅವಳ ನಾಳೆಯನ್ನು ಕೆಡಿಸುವುದು ಸಫರ್ ತಿಂಗಳಲ್ಲ, ವರದಕ್ಷಿಣೆ. ಅದನ್ನು ತಡೆಯಲು ತೋಳಿನ ನಾಣ್ಯಕ್ಕೆ ಸಾಧ್ಯವಿಲ್ಲ. ಪತ್ನಿಯರ ಮಹ್ರ್ ಅನ್ನು ಮನಃಪೂರ್ವಕವಾಗಿ ನೀಡಬೇಕೆಂದು ಕುರ್‌ಆನ್ (4:4) ಆದೇಶಿಸಿದೆ. ಆ ಮೊತ್ತವನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟು, ಅರಶಿನಕ್ಕೆ ಏಳು ಸುಹಾಗನ್‌ಗಳನ್ನು ಎಣಿಸುವ ಕುಟುಂಬ ಯಾವ ಭಾಗ್ಯವನ್ನು ನಿರೀಕ್ಷಿಸುತ್ತದೆ?

ವಧೂವರರಿಗೆ ಪ್ರವಾದಿ(ಸ) ಕಲಿಸಿದ ದುಆ ಚಿಕ್ಕದು. ಅಲ್ಲಾಹನ ಬರ್ಕತ್ ಮತ್ತು ಒಳಿತಿನಲ್ಲಿ ಒಂದಾಗುವಿಕೆಯನ್ನು ಅದು ಬೇಡುತ್ತದೆ. ಅದನ್ನು ಹೇಳಲು ಪತಿ ಜೀವಂತವಿರಬೇಕೆಂಬ ಷರತ್ತಿಲ್ಲ. ಮುಂದಿನ ಮದುವೆಯಲ್ಲಿ ಅರಶಿನದ ಬಟ್ಟಲನ್ನು ಮೊದಲು ಮನೆಯ ವಿಧವೆಯ ಕೈಗೆ ಕೊಡೋಣ. ಹಿರಿಯ ಮಹಿಳೆಯರು ಮನಸ್ಸು ಮಾಡಿದರೆ ಇದಕ್ಕೆ ಯಾವ ಜಮಾಅತ್‌ನ ತೀರ್ಮಾನವೂ ಬೇಕಾಗಿಲ್ಲ.