ಡಿ ಡ್ರೈವ್ ಎಲ್ಲಿ ಹೋಯಿತು?



ಕಂಪ್ಯೂಟರ್ ತೀರಾ ನಿಧಾನವಾದಾಗ ಅಥವಾ ವೈರಸ್ ತಗುಲಿದಾಗ ನಾವು ಮಾಡುವುದು ಒಂದೇ ಕೆಲಸ. ಹತ್ತಿರದ ಅಂಗಡಿಗೆ ಕೊಟ್ಟು "ಹೊಸದಾಗಿ ವಿಂಡೋಸ್ ಹಾಕಿಕೊಡಿ" ಎನ್ನುತ್ತೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಅನೇಕ ಮನೆಗಳಲ್ಲಿ ಈ ಕೆಲಸ ನಡೆಯುತ್ತಿದೆ. ಕಂಪ್ಯೂಟರ್ ಮನೆಗೆ ಮರಳಿದ ಮೇಲೆ ಕೆಲವರಿಗೆ ಎದೆ ಧಸಕ್ಕೆನ್ನುವ ಒಂದು ಅನುಭವವಾಗುತ್ತದೆ. ಇದ್ದ ಡ್ರೈವ್ ಇದ್ದಲ್ಲಿ ಕಾಣುವುದಿಲ್ಲ!

ನಮ್ಮ ನೆರೆಯ ಸಹೋದರಿಯೊಬ್ಬರಿಗೆ ಹೀಗೆಯೇ ಆಯಿತು. ಮನೆಯಲ್ಲೇ ಹೊಲಿಗೆ ಮಾಡುವ ಅವರು ಗಿರಾಕಿಗಳ ಅಳತೆ, ಬಾಕಿ ಲೆಕ್ಕ ಎಲ್ಲವನ್ನೂ ಡಿ ಡ್ರೈವ್‌ನಲ್ಲಿ ಇಟ್ಟಿದ್ದರು. ಮಗಳ ಮದುವೆಯ ಫೋಟೋಗಳೂ ಅಲ್ಲೇ. ಎಲ್ಲಕ್ಕಿಂತ ಮಿಗಿಲಾಗಿ, ತೀರಿಹೋದ ಅವರ ತಂದೆ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದಾಗ ಮಾಡಿಕೊಂಡ ಧ್ವನಿಮುದ್ರಣವೂ ಅಲ್ಲಿತ್ತು. ಹೊಸ ವಿಂಡೋಸ್ ಹಾಕಿಸಿದ ದಿನ ಸಂಜೆ ಡಿ ಮೇಲೆ ಕ್ಲಿಕ್ ಮಾಡಿದರೆ 'ಡಿಸ್ಕ್ ಹಾಕಿ' ಎಂಬ ಸೂಚನೆ ಮಾತ್ರ ಬಂತು. ಅಂಗಡಿಗೆ ಫೋನ್ ಮಾಡಿದರೆ "ಡೇಟಾ ಹೋಗಿರಬೇಕು, ತನ್ನಿ, ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ ಸರಿಮಾಡೋಣ" ಎಂಬ ಉತ್ತರ. ಅವರು ಕಣ್ಣೀರು ಒರೆಸಿಕೊಳ್ಳುತ್ತಾ "ಆಪಾ, ಒಂದು ಸಲ ಬಂದು ನೋಡ್ತೀರಾ?" ಎಂದರು.

ನೋಡಿದರೆ ಏನೂ ಹೋಗಿರಲಿಲ್ಲ. ಡಿವಿಡಿ ಡ್ರೈವ್ 'ಡಿ' ಎಂಬ ಅಕ್ಷರವನ್ನು ತಾನು ತೆಗೆದುಕೊಂಡಿತ್ತು. ಹಳೆಯ ಡಿ ಈಗ 'ಇ' ಆಗಿತ್ತು, ಹಳೆಯ ಇ ಈಗ 'ಎಫ್' ಆಗಿತ್ತು. ಅಷ್ಟೇ. ಆದರೆ ಆ ದಿನ ಅವರು ಫಾರ್ಮ್ಯಾಟ್ ಮಾಡಲು ಒಪ್ಪಿದ್ದರೆ ತಂದೆಯ ಧ್ವನಿ ಮತ್ತೆಂದೂ ಸಿಗದೆ ಹೋಗಬಹುದಿತ್ತು. ಆದ್ದರಿಂದ ಈ ಬಾರಿ ಇದೇ ವಿಷಯವನ್ನು ತಿಳಿದುಕೊಳ್ಳೋಣ.

ಅಕ್ಷರ ಬದಲಾಗುವುದೇಕೆ?

ಮೊದಲು ಈ ಅಕ್ಷರಗಳ ಹಿನ್ನೆಲೆ ನೋಡೋಣ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ಡ್ರೈವ್‌ಗಳಿಗೆ ಎ ಮತ್ತು ಬಿ ಎಂಬ ಹೆಸರಿತ್ತು. 1983ರ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಬಂದಾಗ ಅದು 'ಸಿ' ಆಯಿತು. ಫ್ಲಾಪಿ ಕಣ್ಮರೆಯಾದರೂ ನಮ್ಮ ಕಂಪ್ಯೂಟರ್‌ಗಳಲ್ಲಿ ಲೆಕ್ಕ ಇನ್ನೂ ಸಿಯಿಂದಲೇ ಆರಂಭವಾಗುತ್ತದೆ.

ಈ ಅಕ್ಷರಗಳು ಹಾರ್ಡ್ ಡಿಸ್ಕಿನ ಆಯಾ ಭಾಗದ ಮೇಲೆ ಬರೆದಿರುವುದಿಲ್ಲ. ಊರಿನ ಮನೆ ನಂಬರನ್ನು ನೆನಪಿಸಿಕೊಳ್ಳಿ. ಮನೆಗೆ ಯಾವ ನಂಬರ್ ಎಂಬುದು ಪಂಚಾಯತಿಯ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಕಳೆದುಹೋಗಿ ಹೊಸ ಗುಮಾಸ್ತ ಬಂದು ಮತ್ತೆ ಎಣಿಸಿದರೆ ನಿಮ್ಮ ಮನೆಯ ನಂಬರ್ ಬದಲಾಗಬಹುದು. ಆದರೆ ಮನೆಯೊಳಗಿನ ಸಾಮಾನು ಅಲ್ಲಿಯೇ ಇರುತ್ತದೆ. ವಿಂಡೋಸ್ ಕೂಡಾ ಅಕ್ಷರಗಳ ಪಟ್ಟಿಯನ್ನು ತನ್ನ ರಿಜಿಸ್ಟ್ರಿ ಎಂಬ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊಸ ವಿಂಡೋಸ್ ಹಾಕಿದಾಗ ಹಳೆಯ ಪುಸ್ತಕ ಹೋಗಿ ಹೊಸತು ಬರುತ್ತದೆ. ಆಗ ಅದು ತನಗೆ ಕಂಡ ಕ್ರಮದಲ್ಲಿ ಅಕ್ಷರ ಹಂಚುತ್ತದೆ. ಡಿವಿಡಿ ಡ್ರೈವ್, ಕಾರ್ಡ್ ರೀಡರ್, ಚುಚ್ಚಿಟ್ಟ ಪೆನ್ ಡ್ರೈವ್ ಇವೆಲ್ಲ ನಡುವೆ ನುಸುಳಬಹುದು.

ಮೊದಲು ನೋಡಿ, ಆಮೇಲೆ ಮುಟ್ಟಿ

ಡ್ರೈವ್ ಕಾಣದಿದ್ದರೆ ಗಾಬರಿಯಾಗಬೇಡಿ. ವಿಂಡೋಸ್ 10 ಮತ್ತು 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಆರಿಸಿ. ಹಳೆಯ ವಿಂಡೋಸ್ 7 ಆದರೆ 'ಕಂಪ್ಯೂಟರ್' ಮೇಲೆ ಬಲ ಕ್ಲಿಕ್ ಮಾಡಿ 'ಮ್ಯಾನೇಜ್' ಒತ್ತಿ, ಅಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗುತ್ತದೆ. ಹಾರ್ಡ್ ಡಿಸ್ಕಿನ ಭಾಗಗಳೆಲ್ಲ ಚೌಕಗಳಾಗಿ, ಅವುಗಳ ಗಾತ್ರ ಸಹಿತ ಕಾಣುತ್ತವೆ. ನಿಮ್ಮ ಡ್ರೈವ್‌ನ ಗಾತ್ರ ಅಲ್ಲಿದ್ದು 'ಹೆಲ್ತಿ', 'ಎನ್‌ಟಿಎಫ್‌ಎಸ್' ಎಂದು ಬರೆದಿದ್ದರೆ ಸಾಮಾನ್ಯವಾಗಿ ಒಳಗಿನ ಫೈಲುಗಳು ಇವೆ ಎಂದೇ ತಿಳಿಯಿರಿ. ಅಕ್ಷರ ಬದಲಾಗಿರಬಹುದು ಅಥವಾ ಅಕ್ಷರವೇ ಸಿಕ್ಕಿರದಿರಬಹುದು.

ಹಳೆಯ ಅಕ್ಷರ ಮರಳಿ ಕೊಡುವುದು

ಒಂದು ಅಕ್ಷರವನ್ನು ಎರಡು ಡ್ರೈವ್‌ಗಳಿಗೆ ಕೊಡಲಾಗದು. ಆದ್ದರಿಂದ ಮೊದಲು ಜಾಗ ತೆರವು ಮಾಡಬೇಕು. ನಮ್ಮ ನೆರೆಯವರ ಮನೆಯಲ್ಲಿ ಮಾಡಿದ್ದು ಹೀಗೆ:

1. ತೆರೆದಿದ್ದ ಫೈಲುಗಳನ್ನೆಲ್ಲ ಮುಚ್ಚಿದೆವು.
2. ಡಿವಿಡಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ 'ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್' ಆರಿಸಿದೆವು. 'ಚೇಂಜ್' ಒತ್ತಿ, ಪಟ್ಟಿಯಿಂದ 'ಝಡ್' ಅಕ್ಷರ ಆರಿಸಿ, 'ಓಕೆ' ಒತ್ತಿದೆವು. ಕೆಲವು ಪ್ರೋಗ್ರಾಂಗಳು ಕೆಲಸ ಮಾಡದಿರಬಹುದು ಎಂಬ ಎಚ್ಚರಿಕೆ ಬಂದಾಗ 'ಯೆಸ್' ಎಂದೆವು. ಈಗ 'ಡಿ' ಖಾಲಿಯಾಯಿತು.
3. ಇದೇ ರೀತಿ 'ಇ' ಆಗಿದ್ದ ಭಾಗಕ್ಕೆ 'ಡಿ' ಕೊಟ್ಟೆವು.
4. ಕೊನೆಗೆ 'ಎಫ್' ಆಗಿದ್ದುದಕ್ಕೆ 'ಇ' ಕೊಟ್ಟೆವು.

ಐದು ನಿಮಿಷವೂ ಹಿಡಿಯಲಿಲ್ಲ. ಲೆಕ್ಕದ ಪ್ರೋಗ್ರಾಂ ತನ್ನ ಫೈಲುಗಳನ್ನು ಹಳೆಯ ಜಾಗದಲ್ಲೇ ಕಂಡುಕೊಂಡಿತು. ಅಕ್ಷರ ಬದಲಾಯಿಸುವುದರಿಂದ ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಡ್ರೈವ್‌ಗೆ ಅಕ್ಷರವೇ ಇಲ್ಲದಿದ್ದರೆ 'ಚೇಂಜ್' ಬದಲು 'ಆ್ಯಡ್' ಒತ್ತಿ ಹೊಸ ಅಕ್ಷರ ಕೊಡಿ.

ಮಾಡಬಾರದ ಕೆಲಸಗಳು

ಬಲ ಕ್ಲಿಕ್ ಮಾಡಿದಾಗ ಬರುವ ಅದೇ ಪಟ್ಟಿಯಲ್ಲಿ 'ಫಾರ್ಮ್ಯಾಟ್' ಮತ್ತು 'ಡಿಲೀಟ್ ವಾಲ್ಯೂಮ್' ಕೂಡಾ ಇರುತ್ತವೆ. ಅವಸರದಲ್ಲಿ ಕೈತಪ್ಪಬಾರದು. ಓದಿ ನೋಡಿಯೇ ಒತ್ತಿ.

ವಿಂಡೋಸ್ ಇರುವ ಸಿ ಡ್ರೈವ್‌ನ ಅಕ್ಷರ ಬದಲಿಸಲು ಹೋಗಬೇಡಿ. 'ಸಿಸ್ಟಮ್ ರಿಸರ್ವ್ಡ್', 'ಇಎಫ್‌ಐ', 'ರಿಕವರಿ' ಎಂಬ ಸಣ್ಣ ಭಾಗಗಳಿಗೆ ಅಕ್ಷರ ಇರುವುದಿಲ್ಲ. ಅವು ಇರಬೇಕಾದದ್ದೇ ಹಾಗೆ. ಅವುಗಳನ್ನು ಮುಟ್ಟಬೇಡಿ.

ಡ್ರೈವ್ ತೆರೆಯಲು ಹೋದಾಗ 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಕೇಳಿದರೆ ಅಥವಾ ಆ ಭಾಗದಲ್ಲಿ 'ಅನ್‌ಅಲೊಕೇಟೆಡ್' ಎಂದು ಕಂಡರೆ ಅದು ಅಕ್ಷರದ ತೊಂದರೆಯಲ್ಲ. ಏನೂ ಒತ್ತದೆ ಕಂಪ್ಯೂಟರ್ ಆರಿಸಿ, ಡೇಟಾ ಮರಳಿ ಪಡೆಯುವ ಕೆಲಸ ಬಲ್ಲವರಿಗೆ ತೋರಿಸಿ. ಅದರ ಮೇಲೆ ಹೊಸದೇನನ್ನಾದರೂ ಬರೆದಷ್ಟೂ ಹಳೆಯದು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಹೊಸ ಮಾದರಿಯ ಎಸ್‌ಎಸ್‌ಡಿಯಲ್ಲಂತೂ ಫಾರ್ಮ್ಯಾಟ್ ಆದ ಮೇಲೆ ಮರಳಿ ಪಡೆಯುವುದು ಬಹಳ ಕಷ್ಟ.

ಡ್ರೈವ್ ಮೇಲೆ ಬೀಗದ ಚಿತ್ರ ಕಂಡರೆ ಅದು 'ಬಿಟ್‌ಲಾಕರ್'. 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ ಹೆಚ್ಚಾಗಿ ಆ ಖಾತೆಯಲ್ಲೇ ಅದು ಉಳಿದಿರುತ್ತದೆ. ಕೀ ಇಲ್ಲದಿದ್ದರೆ ಅಂಗಡಿಯವರಿಂದಲೂ ತೆರೆಯಲಾಗದು.

ಮುಂದಿನ ಸಲ ಅಂಗಡಿಗೆ ಕೊಡುವ ಮುನ್ನ

ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಡ್ರೈವ್‌ನ ಅಕ್ಷರ, ಗಾತ್ರ, ಅದರಲ್ಲೇನಿದೆ ಎಂಬುದನ್ನು ಬರೆದಿಡಿ. ಬಿಟ್‌ಲಾಕರ್ ಇದ್ದರೆ ಅದರ ಕೀಯನ್ನೂ ಬರೆದು ಜೋಪಾನ ಮಾಡಿ.

ಪ್ರತಿ ಡ್ರೈವ್‌ಗೂ ಒಂದು ಹೆಸರಿಡಿ. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ 'ರೀನೇಮ್' ಒತ್ತಿ 'ಫೋಟೋ', 'ಲೆಕ್ಕ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರಾಯಿತು. ಅಕ್ಷರದಂತಲ್ಲ, ಈ ಹೆಸರು ಆ ಡ್ರೈವ್‌ನಲ್ಲೇ ಬರೆದಿರುತ್ತದೆ. ವಿಂಡೋಸ್ ಎಷ್ಟು ಸಲ ಬದಲಾದರೂ ಅದು ಉಳಿಯುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಈಗಿನ ವಿಂಡೋಸ್ ಹಾಕುವಾಗ ಪರದೆಯಲ್ಲಿ ಸಿ, ಡಿ ಎಂದು ಕಾಣುವುದಿಲ್ಲ. 'ಡಿಸ್ಕ್ 0 ಪಾರ್ಟಿಷನ್ 2' ಎಂಬಂತೆ ಸಂಖ್ಯೆ ಮತ್ತು ಗಾತ್ರ ಕಾಣುತ್ತದೆ. ಅನೇಕರ ಫೋಟೋಗಳು ನಿಜವಾಗಿ ಅಳಿಸಿಹೋಗುವುದು ಇಲ್ಲಿಯೇ. ಹೆಸರಿದ್ದರೆ ಕೂರುವವರಿಗೆ ತಪ್ಪು ಭಾಗ ಅಳಿಸದಂತೆ ಗುರುತು ಸಿಗುತ್ತದೆ.

ಪೆನ್ ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನು ಮೊದಲೇ ತೆಗೆದಿರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕಳೆದುಕೊಂಡರೆ ಮತ್ತೆ ಸಿಗದಂಥವುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಡಿ ಡ್ರೈವ್‌ನಲ್ಲಿರುವ ಫೋಟೋವನ್ನು ಇ ಡ್ರೈವ್‌ಗೆ ಕಾಪಿ ಮಾಡುವುದು ಇದಕ್ಕೆ ಸಾಲದು. ಎರಡೂ ಒಂದೇ ಹಾರ್ಡ್ ಡಿಸ್ಕಿನ ಭಾಗಗಳಾಗಿದ್ದರೆ ಅದು ಕೆಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ.

ನೆರೆಯ ಸಹೋದರಿ ಆ ರಾತ್ರಿಯೇ ಮೊಮ್ಮಕ್ಕಳಿಗೆ ಅಜ್ಜನ ಕಥೆಯನ್ನು ಕೇಳಿಸಿದರಂತೆ. ಮರುದಿನ ಬೆಳಿಗ್ಗೆ ಪೆನ್ ಡ್ರೈವ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಆಪಾ, ಕಾಪಿ ಮಾಡೋದನ್ನೂ ಹೇಳಿಕೊಡಿ. ಈ ಸಲ ನಾನೇ ಮಾಡ್ತೇನೆ" ಎಂದರು. ನೀವೂ ಇಂದೇ ಒಂದಿಷ್ಟು ಬಿಡುವು ಮಾಡಿಕೊಂಡು ನಿಮ್ಮ ಡ್ರೈವ್‌ಗಳಿಗೆ ಹೆಸರಿಟ್ಟು, ಬೇಕಾದ ಫೈಲುಗಳ ಪ್ರತಿ ಮಾಡಿಟ್ಟುಕೊಳ್ಳಿ.