ಗುಡ್ಡ ಕೆದಕುವ ಮೊದಲು ಆಸ್ಪತ್ರೆ ತೆರೆಯಲಿ

ಕೆಜಿಎಫ್ ಮತ್ತು ಬಂಗಾರಪೇಟೆ ಸೀಮೆಯ ಜನರ ಗಮನಕ್ಕೆ

ಕೆಜಿಎಫ್‌ನ ಸೈನೈಡ್ ಗುಡ್ಡಗಳಿಗೆ ಮತ್ತೆ ಬೆಲೆ ಬಂದಿದೆ. ಅದಿರನ್ನು ಅರೆದು, ಚಿನ್ನ ತೆಗೆದುಕೊಂಡು ಸುರಿದ ಸುಮಾರು 3.3 ಕೋಟಿ ಟನ್ ಹುಡಿ ಅಲ್ಲಿ 13 ದಿಬ್ಬಗಳಾಗಿ ನಿಂತಿದೆ. ಅದರಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಊರು ಇದು. ಇಲ್ಲೇ ಕೆಲಸ ಸಿಕ್ಕೀತು ಎಂಬ ಆಸೆ ಸಹಜ.

ಆದರೆ ಆ ಹುಡಿ ಎದೆಗೆ ಏನು ಮಾಡುತ್ತದೆ ಎಂದು ಬಲ್ಲ ಆಸ್ಪತ್ರೆ ಗಣಿಯೊಂದಿಗೇ ಮುಚ್ಚಿಹೋಯಿತು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಕಾರ್ಮಿಕರು ಅದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಕೈಕಾಲು ಮುರಿದು ಮೇಲೆ ಬಂದವರನ್ನು ಗಣಿಯ ಆಸ್ಪತ್ರೆಗೇ ಒಯ್ಯಬೇಕಿತ್ತು. ಕಾರ್ಮಿಕರ ಲೈನ್ ಮನೆಗಳ ಕುಟುಂಬಗಳಿಗೂ ಅದೇ ಆಸರೆ. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಹುಟ್ಟಿತು. ಜನರ ಬಾಯಲ್ಲಿ ಗಣಿಯ ಆಸ್ಪತ್ರೆ ‘ಬಿಜಿಎಂಎಲ್ ಆಸ್ಪತ್ರೆ’ ಆಯಿತು.

ಮುರಿದ ಮೂಳೆಗಿಂತ ದೊಡ್ಡ ಪೀಡೆ ಕಣ್ಣಿಗೆ ಕಾಣದ್ದು. ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ಪದರದಲ್ಲಿ. ಕಲ್ಲು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದ ತಳಕ್ಕಿಳಿದು ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕ್ಷಯ ಬಲುಬೇಗ ಅಂಟುತ್ತದೆ. ಇದೇ ಸಿಲಿಕೋಸಿಸ್, ಬಂದರೆ ಗುಣಪಡಿಸುವ ಮದ್ದಿಲ್ಲ. ಡಾ. ಕ್ಯಾಪ್ಲನ್ ಮತ್ತು ಬರ್ಡನ್ 1947ರಲ್ಲಿ ಪ್ರಕಟಿಸಿದ ವರದಿಯಂತೆ, ಇಲ್ಲಿ ತಪಾಸಣೆಗೊಳಗಾದ 7,653 ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೆಜಿಎಫ್ ಗಣಿಗಳಿಂದ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ರೋಗಕ್ಕೆ ಅಂಥ ಮುಕ್ತಾಯದ ದಿನ ಇರಲಿಲ್ಲ. ಗುಡ್ಡಗಳ ಹುಡಿಯೂ ಅದೇ ಕಲ್ಲನ್ನು ಅರೆದದ್ದು.

ಆಸ್ಪತ್ರೆಯ ಹಾಳು ಕಟ್ಟಡದಿಂದ ಏನಾದೀತು ಎನ್ನುವವರು 2021ರ ಮೇ ತಿಂಗಳನ್ನು ನೆನೆಯಲಿ. ಕೋವಿಡ್‌ನ ಎರಡನೇ ಅಲೆಯಲ್ಲಿ ಸ್ವಯಂಸೇವಕರು ಎರಡು ದಶಕದ ಕಸ ಗುಡಿಸಿ, ಅದೇ ವಾರ್ಡ್‌ಗಳಲ್ಲಿ ಹಾಸಿಗೆ ಹಾಕಿ ಚಿಕಿತ್ಸೆಗೆ ಸಜ್ಜು ಮಾಡಿದರು. ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ ಇದೆಯಲ್ಲ ಎಂಬ ಮಾತೂ ಇದೆ. ಇದೆ, ಇರಲಿ. ಆದರೆ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುವುದುಂಟು. ಎರಡನ್ನೂ ಬೇರ್ಪಡಿಸಿ ಪ್ರಮಾಣಪತ್ರ ಕೊಡಲು ತರಬೇತಾದ ಕಣ್ಣು ಬೇಕು, ಪ್ರಮಾಣಪತ್ರವಿಲ್ಲದೆ ಪರಿಹಾರವಿಲ್ಲ. ರಾಜಸ್ಥಾನ 2019ರಲ್ಲಿ ಇದಕ್ಕೆಂದೇ ನೀತಿ ತಂದಿತು. ರೋಗ ದೃಢಪಟ್ಟರೆ 3 ಲಕ್ಷ ರೂಪಾಯಿ, ರೋಗಿ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ಎಂದು ಗೊತ್ತುಮಾಡಿತು.

ದುಡ್ಡು ಎಲ್ಲಿಂದ? 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಲೇಬೇಕು. ಆ ಹಣದ ಬಳಕೆಯಲ್ಲಿ ಆರೋಗ್ಯಕ್ಕೆ ಆದ್ಯತೆಯಿದೆ.

ಆದ್ದರಿಂದ ಈ ಹಕ್ಕೊತ್ತಾಯಗಳು:

1. ಗುಡ್ಡಕ್ಕೆ ಯಂತ್ರ ಇಳಿಯುವ ಮೊದಲು ಬಿಜಿಎಂಎಲ್ ಆಸ್ಪತ್ರೆಯಲ್ಲಿ ಎದೆರೋಗದ ಕಾಯಂ ವಿಭಾಗ ತೆರೆಯಬೇಕು.

2. ಗುಡ್ಡದ ಆಸುಪಾಸಿನ ನಿವಾಸಿಗಳ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಈಗಲೇ ಆಗಬೇಕು. ಇಂದಿನ ಸ್ಥಿತಿ ದಾಖಲಾಗದಿದ್ದರೆ ನಾಳೆ ರೋಗ ಬಂದಾಗ ಹೊಣೆ ಯಾರದೆಂದು ತೋರಿಸಲಾಗದು.

3. ಬದುಕಿರುವ ಹಳೆಯ ಕಾರ್ಮಿಕರೆಲ್ಲರ ತಪಾಸಣೆಯಾಗಿ, ರಾಜಸ್ಥಾನದ ಮಾದರಿಯ ಪರಿಹಾರ ಸಿಗಬೇಕು.

4. ಆಸ್ಪತ್ರೆಯ ಅಳಿದುಳಿದ ದಾಖಲೆ, ಎಕ್ಸ್‌ರೇಗಳನ್ನು ರಾಜ್ಯ ಪತ್ರಾಗಾರ ಇಲಾಖೆ ವಶಕ್ಕೆ ಪಡೆದು ಕಾಪಾಡಬೇಕು.

ಯೋಜನೆಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಪ್ರತಿ ಬೀದಿಯಿಂದ ಕನಿಷ್ಠ ಒಬ್ಬರು ಹೋಗಿ ಈ ನಾಲ್ಕನ್ನೂ ಬರಹದಲ್ಲಿ ಸಲ್ಲಿಸಿ, ಸ್ವೀಕೃತಿ ಪಡೆಯಲಿ. ಗಣಿಯಲ್ಲಿ ದುಡಿದ ಹಿರಿಯರಿರುವ ಮನೆಯವರು ಅವರ ಕೆಲಸದ ಚೀಟಿ, ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಟ್ಟು ನಕಲನ್ನಷ್ಟೇ ಕೊಡಲಿ.