ಹಟವೋ, ಹೆದರಿಕೆಯೋ?

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಶಾಲೆಯ ಹಿಂದಿನ ಹೊಲದಲ್ಲಿ ಕುರಿಗಾರರು ಬಂದು ಕುರಿ ತರುಬಿದ್ದರು. ಜತ್ತ ತಾಲೂಕಿನವರಾದ ನಮಗೆ ಇದೇನು ಹೊಸದಲ್ಲ. ಕುರಿಮಂದೆ, ಎರಡು ಮೂರು ನಾಯಿ, ಹಾಸಿಗೆ ಪಾತ್ರೆ ಹೊತ್ತ ತಟ್ಟುಗಳು... ಮಕ್ಕಳಿಗಂತೂ ಪಾಠ ಬೇಡ, ಕಿಟಕಿ ಸಾಕು!

ಅವರು ಹೊರಟ ದಿನ ಒಂದು ತಟ್ಟು ಹಳ್ಳದ ಸಣ್ಣ ಸೇತುವೆ ಹತ್ತಿರ ನಿಂತುಬಿಟ್ಟಿತು. ಜಾಲಿ ಕಂಟಿಗೆ ಸಿಕ್ಕ ಗೊಬ್ಬರದ ಖಾಲಿ ಚೀಲವೊಂದು ಗಾಳಿಗೆ ಪಟಪಟ ಬಡಿಯುತ್ತಿತ್ತು. ನಮ್ಮ ಏಳನೇ ವರ್ಗದ ಹುಡುಗನೊಬ್ಬ ಉಪಕಾರ ಮಾಡಲು ಹೋಗಿ ಬಡಿಗೆ ಎತ್ತಿದ. ನಾನೂ ಸುಮ್ಮನೆ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮುದುಕ ಕುರಿಗಾರ ಹುಡುಗನ ಕೈ ಹಿಡಿದು ನನ್ನ ಕಡೆ ನೋಡಿ ಅಂದ: "ಹೆದರೈತ್ರಿ ಮಾಸ್ತರ, ಹಟಾ ಹಿಡದಿಲ್ಲ."

ಆಮೇಲೆ ಅವನು ಹಗ್ಗ ಸಡಿಲ ಬಿಟ್ಟು ನಿಂತ. ತಟ್ಟು ಕಿವಿ ಮುಂದೆ ಮಾಡಿ ಚೀಲ ನೋಡಿತು, ಮೂಗು ಅರಳಿಸಿತು. ಅವನು ಹಗ್ಗವನ್ನು ಸ್ವಲ್ಪ ಬಿಗಿ ಹಿಡಿದ. ತಟ್ಟು ಒಂದು ಹೆಜ್ಜೆ ಇಟ್ಟ ಕೂಡಲೇ ಸಡಿಲ ಬಿಟ್ಟ. ಮತ್ತೆ ಬಿಗಿ, ಮತ್ತೆ ಹೆಜ್ಜೆ, ಮತ್ತೆ ಸಡಿಲ. ಹದಿನೈದು ನಿಮಿಷ ಹಿಡಿಯಿತು. ಕುದುರೆಗೆ ಪಾಠ ಆಗುವುದು ಹಗ್ಗ ಎಳೆದಾಗ ಅಲ್ಲ, ಬಿಟ್ಟಾಗ. ಕುದುರೆ ಪಳಗಿಸುವವರ ಪುಸ್ತಕಗಳಲ್ಲಿ ಇದನ್ನೇ ದೊಡ್ಡದಾಗಿ ಬರೆದಿರುತ್ತಾರೆ.

ಇನ್ನೊಂದು ಮಾತು. ಸುಮಾರು 2400 ವರ್ಷದ ಹಿಂದೆ ಗ್ರೀಕ್ ದೇಶದ ಝೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಸಣ್ಣ ಗ್ರಂಥ ಬರೆದ. ಕುದುರೆ ಯಾವುದನ್ನಾದರೂ ಕಂಡು ಬೆದರಿದರೆ ಹೊಡೆಯಬೇಡಿ, ಅದರಲ್ಲಿ ಭಯಪಡುವಂಥದ್ದು ಏನೂ ಇಲ್ಲವೆಂದು ತೋರಿಸಿ ಎನ್ನುತ್ತಾನೆ. ಹೊಡೆದರೆ ಏಟಿನ ನೋವೂ ಆ ವಸ್ತುವಿನಿಂದಲೇ ಬಂತೆಂದು ಕುದುರೆ ತಿಳಿಯುತ್ತದಂತೆ. ಅವನು ಸೇನಾನಿ, ಮೃದು ಮನಸ್ಸಿನ ಕವಿಯೇನಲ್ಲ! ಕುದುರೆ ಮೂಲತಃ ಬೇಟೆಗೆ ಬಲಿಯಾಗುವ ಪ್ರಾಣಿ. ತಲೆಯ ಎರಡೂ ಪಕ್ಕಕ್ಕೆ ಕಣ್ಣು, ಸುತ್ತಲೂ ಕಾಣುತ್ತದೆ. ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕಾಣುವುದಿಲ್ಲ. ಹಿಂದಿನಿಂದ ಬಡಿಗೆ ಹಿಡಿದು ಬರುವವನು ಅದಕ್ಕೆ ಯಾರಾಗಿ ತೋರಿಯಾನು, ನೀವೇ ಹೇಳಿ.

ನಾಯಿಯ ವಿಷಯದಲ್ಲಿ ನಾನೇ ತಪ್ಪು ಮಾಡಿದವನು. ನಮ್ಮ ಮನೆಯ ನಾಯಿ ಚಪ್ಪಲಿ ಕಡಿದು ಹಾಕುತ್ತಿತ್ತು. ಸಂಜೆ ಶಾಲೆಯಿಂದ ಬಂದು ಚಪ್ಪಲಿ ತೋರಿಸಿ ಎರಡು ಬಿಗಿಯುತ್ತಿದ್ದೆ. ಅದು ಕಿವಿ ಮಡಿಚಿ, ಕಣ್ಣು ತಪ್ಪಿಸಿ ಮುದುರಿಕೊಳ್ಳುತ್ತಿತ್ತು. 'ನೋಡಿ, ತಪ್ಪು ಗೊತ್ತಾಗಿದೆ' ಎಂದು ಮನೆಯವರಿಗೆ ತೋರಿಸುತ್ತಿದ್ದೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೋವಿಟ್ಜ್ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ತಿನ್ನಬೇಡ ಎಂದದ್ದನ್ನು ನಾಯಿ ತಿಂದಿರಲಿ, ತಿನ್ನದಿರಲಿ, ಯಜಮಾನ ಗದರಿದಾಗ ಆ 'ತಪ್ಪಿತಸ್ಥ' ಮುಖ ಹೆಚ್ಚಾಗಿ ಕಾಣುತ್ತಿತ್ತು. ಅಂದರೆ ನಮ್ಮ ನಾಯಿ ಓದುತ್ತಿದ್ದದ್ದು ತನ್ನ ತಪ್ಪನ್ನಲ್ಲ, ನನ್ನ ಮುಖವನ್ನು! ಬೆಳಿಗ್ಗೆ ಕಡಿದ ಚಪ್ಪಲಿಗೂ ಸಂಜೆಯ ಏಟಿಗೂ ಅದು ಸಂಬಂಧ ಹಚ್ಚುವುದಾದರೂ ಹೇಗೆ? ಅದು ಕಲಿತದ್ದು ಒಂದೇ, ಮಾಸ್ತರರು ಮನೆಗೆ ಬಂದರೆ ಏಟು.

'ನಾವು ಯಜಮಾನರೆಂದು ನಾಯಿಗೆ ತೋರಿಸದಿದ್ದರೆ ತಲೆ ಮೇಲೆ ಕೂಡುತ್ತದೆ' ಎನ್ನುವವರು ಬಹಳ ಮಂದಿ. ತೋಳದ ಹಿಂಡಿನಲ್ಲಿ ಬಡಿದಾಡಿ ನಾಯಕನಾಗುತ್ತಾನೆ ಎಂಬ ಹಳೆಯ ಮಾತಿನಿಂದ ಇದು ಬಂತು. ತಮ್ಮ 1970ರ ಪುಸ್ತಕದಿಂದ ಆ ಮಾತು ಹರಡಲು ಕಾರಣರಾದ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ಸಾಮಾನ್ಯವಾಗಿ ತಂದೆ ತಾಯಿ ಮತ್ತು ಮಕ್ಕಳ ಸಂಸಾರ ಎಂದು ಬರೆದು ತಿದ್ದಿಕೊಂಡರು. ಅಪ್ಪನಾಗಲು ಯಾರೂ ಬಡಿದಾಡುವುದಿಲ್ಲವಲ್ಲ!

ಹಾಗೆಂದು ಮುದ್ದು ಮಾಡಿ ಬಿಟ್ಟುಬಿಡಿ ಎನ್ನುತ್ತಿಲ್ಲ. ಕುರಿಗಾರನ ನಾಯಿಗೆ ಶಿಸ್ತು ಇಲ್ಲವೇ? ಅದು ಮರಿಯಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆಯುತ್ತದೆ, ದೊಡ್ಡ ನಾಯಿಗಳನ್ನು ನೋಡಿ ಕಲಿಯುತ್ತದೆ. ಅಲ್ಲಿ ಕಲಿಸುವುದು ಬೇಗ ಶುರುವಾಗುತ್ತದೆ, ಅಷ್ಟೇ.

ನನಗೆ ಸಂಕಟವಾಗುವುದು ಈಗಿನ ಶೋಕಿ ಕಂಡು. ನಮ್ಮ ಭಾಗದ ಹುಡುಗರು ಮುಧೋಳ ನಾಯಿ ತಂದು ಹಗಲು ರಾತ್ರಿ ಮೂರು ಮೊಳದ ಸರಪಳಿಗೆ ಕಟ್ಟುತ್ತಾರೆ, 'ಖಡಕ್ ಆಗಲಿ' ಎಂದು ಕಲ್ಲು ಎಸೆದು ರೇಗಿಸುತ್ತಾರೆ. ಅದು ಬಯಲಿನಲ್ಲಿ ಮೊಲದ ಬೆನ್ನು ಹತ್ತಿ ಓಡುವ ತಳಿ. ಪರಕೀಯರು ಮುಟ್ಟಿದರೂ ಮುದುರುವ ಸೂಕ್ಷ್ಮ ಸ್ವಭಾವದ್ದು. ಕೊನೆಗೆ ಯಾರದೋ ಮಗುವನ್ನು ಕಚ್ಚಿದಾಗ ಅಪರಾಧ ನಾಯಿಯ ತಲೆಗೆ. ಪ್ರಾಣಿಗಳನ್ನು ಹೊಡೆಯುವುದು, ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಪಾಲಕರ ಸಭೆಯಲ್ಲಿ ಇದನ್ನು ಹೇಳಿದೆ. ಒಬ್ಬರು ನಕ್ಕು, "ಸರ್, ಮಕ್ಕಳಿಗೇ ಎರಡು ಬಿಗಿದು ಕಲಸ್ರಿ ಅಂತೀವಿ, ನಾಯಿ ಸುದ್ದಿ ಯಾಕ?" ಅಂದರು. ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ ಎಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ನಾನೂ ಒಂದು ಕಾಲಕ್ಕೆ ಛಡಿ ಹಿಡಿದವನೇ, ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ.

ಅಂದಹಾಗೆ ಬಡಿಗೆ ಎತ್ತಿದ್ದ ಆ ಹುಡುಗ ಈಗ ಶಾಲೆಯ ಹಿಂದಿನ ಬೀದಿನಾಯಿ ಮರಿಯೊಂದಕ್ಕೆ 'ಕೂಡು' ಕಲಿಸುತ್ತಿದ್ದಾನೆ. ಭಕ್ಕರಿ ಚೂರನ್ನು ಅದರ ಮೂಗಿನ ಮೇಲೆ ಹಿಡಿದು ಹಿಂದಕ್ಕೆ ಸರಿಸುತ್ತಾನೆ, ಅದು ಮೂತಿ ಎತ್ತಿ ತಾನಾಗಿ ಕೂಡುತ್ತದೆ, ಕೂತ ಕ್ಷಣಕ್ಕೆ ಚೂರು ಬಾಯಿಗೆ. ನಾಲ್ಕು ದಿನ ಆಯ್ತು. ಇನ್ನೂ ಹತ್ತರಲ್ಲಿ ಆರು ಸಲ ಮಾತ್ರ ಕೂಡುತ್ತದೆ.